ಮಾತಿಲ್ಲದವರ ಇಚ್ಛೆ

ಬೌದ್ಧಿಕ ವಿಕಲತೆಯ ಅತ್ಯಂತ ಗಾಢವಾದ ಮಟ್ಟವನ್ನು ಹಿಂದೆ 20ಕ್ಕಿಂತ ಕಡಿಮೆ ಬುದ್ಧಿಲಬ್ಧದಿಂದ ಗುರುತಿಸುತ್ತಿದ್ದರು. ಅಷ್ಟು ಕೆಳಗಿನ ಅಂಕವನ್ನು ಖಚಿತವಾಗಿ ಅಳೆಯುವುದು ಕಷ್ಟವಾದ್ದರಿಂದ, ಉಣ್ಣಲು, ಮೀಯಲು, ತನಗೆ ಬೇಕಾದುದನ್ನು ತಿಳಿಸಲು ವ್ಯಕ್ತಿಗೆ ಎಷ್ಟು ನೆರವು ಬೇಕು ಎಂಬುದನ್ನೇ ಈಗ ಮುಖ್ಯವಾಗಿ ನೋಡಲಾಗುತ್ತದೆ. ಈ ಮಟ್ಟದ ವಿಕಲತೆಯುಳ್ಳ ಯುವಜನರಲ್ಲಿ ಅನೇಕರಿಗೆ ಮೂರ್ಛೆರೋಗ, ಸೆರೆಬ್ರಲ್ ಪಾಲ್ಸಿ, ದೃಷ್ಟಿ ಅಥವಾ ಶ್ರವಣದ ದೋಷಗಳೂ ಜೊತೆಗಿರುತ್ತವೆ. ತಾನೇ ಉಂಡು ತಾನೇ ಉಡುವುದಷ್ಟೇ ಸ್ವಾವಲಂಬನೆ ಎಂದುಕೊಂಡರೆ ಇವರ ಪಾಲಿಗೆ ಆ ಶಬ್ದವೇ ಇಲ್ಲವಾಗುತ್ತದೆ. ಆದರೆ ಎದುರಿಗೆ ಹಿಡಿದ ಎರಡು ಅಂಗಿಗಳಲ್ಲಿ ಒಂದರ ಮೇಲೆ ಕಣ್ಣು ನಿಲ್ಲಿಸಿದ ಯುವತಿಗೆ ಅದನ್ನೇ ತೊಡಿಸಿದಾಗ, ತೊಡಿಸಿದ ಕೈ ಬೇರೆಯವರದಾದರೂ ನಿರ್ಧಾರ ಅವಳದೇ.

ಆ ಇಚ್ಛೆಯನ್ನು ಅರಿಯಲು ಕಲಿಯಬಹುದಾದ ವಿಧಾನಗಳಿವೆ. ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ಅವರು ದೃಷ್ಟಿ-ಶ್ರವಣ ಎರಡರಲ್ಲೂ ದೋಷವಿದ್ದ ಮಕ್ಕಳೊಂದಿಗೆ ನಡೆಸಿದ ಕೆಲಸದಿಂದ ಬೆಳೆದುಬಂದ ‘ಸೂಚಕ ವಸ್ತು’ವಿನ ಕ್ರಮ ಅವುಗಳಲ್ಲೊಂದು: ಸ್ನಾನಕ್ಕೆ ಮೊದಲು ಪ್ರತಿದಿನವೂ ಅದೇ ಚೊಂಬನ್ನು ಕೈಗೆ ಮುಟ್ಟಿಸುತ್ತ ಬಂದರೆ, ಬಹುಶಃ ತಿಂಗಳುಗಳ ನಂತರ, ಚೊಂಬೇ ಸ್ನಾನದ ಹೆಸರಾಗುತ್ತದೆ, ಅದನ್ನು ದೂರ ತಳ್ಳಿದರೆ ‘ಬೇಡ’ ಎಂದರ್ಥ, ಆ ‘ಬೇಡ’ಕ್ಕೆ ಕೂಡಲೇ ಬೆಲೆ ಸಿಕ್ಕಬೇಕು. 1980ರ ದಶಕದಲ್ಲಿ ಇಂಗ್ಲೆಂಡಿನ ಹಾರ್ಪರ್‌ಬರಿ ಆಸ್ಪತ್ರೆಯ ಶಾಲೆಯಲ್ಲಿ ರೂಪುಗೊಂಡ ‘ಇಂಟೆನ್ಸಿವ್ ಇಂಟರಾಕ್ಷನ್’ ಎಂಬ ಆಪ್ತ ಒಡನಾಟದ ವಿಧಾನದಲ್ಲಿ ಶಿಕ್ಷಕರು ಪಾಠ ಹೇಳುವುದಿಲ್ಲ, ವಿದ್ಯಾರ್ಥಿಯ ಉಸಿರು, ದನಿ, ಚಲನೆಗಳಿಗೆ ಓಗೊಟ್ಟು ಕಾಯುತ್ತಾರೆ. ತಾಯಿ ಹಸುಗೂಸಿನೊಡನೆ ಸಹಜವಾಗಿ ಮಾಡುವುದೂ ಇದನ್ನೇ.

ನೋವನ್ನು ಗುರುತಿಸುವುದು ಇದಕ್ಕಿಂತಲೂ ತುರ್ತಿನ ವಿಷಯ. ತಲೆ ಚಚ್ಚಿಕೊಳ್ಳುವುದು, ಊಟ ಬಿಡುವುದು, ರಾತ್ರಿಯಿಡೀ ಕಿರುಚುವುದು ಹಲ್ಲುನೋವಿನಿಂದಲೋ ಕಿವಿಯ ಸೋಂಕಿನಿಂದಲೋ ಮಲಬದ್ಧತೆಯಿಂದಲೋ ಆಗಿರಬಹುದು. ಅದನ್ನೆಲ್ಲ ‘ಇವರ ಸ್ವಭಾವವೇ ಹಾಗೆ’ ಎಂದು ತಳ್ಳಿಹಾಕುವುದು ಅನ್ಯಾಯ.

ಭಾರತದಲ್ಲಿ ಕಷ್ಟ ಬಿಗಿಯಾಗುವುದು 18ರ ಹೊಸ್ತಿಲಲ್ಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ನೀಡುವ ಉಚಿತ ಶಿಕ್ಷಣದ ಹಕ್ಕು ಆ ವಯಸ್ಸಿಗೆ ಮುಗಿಯುತ್ತದೆ, ಮಗನ ದೇಹ ಬೆಳೆದಿರುತ್ತದೆ, ಅವನನ್ನು ಎತ್ತುವ ತಾಯಿಯ ಬೆನ್ನು ಸೋತಿರುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ಆದರೆ 2016ರ ಅಧಿನಿಯಮ ಹೇಳುವ ಸೀಮಿತ ಪೋಷಕತ್ವವು ನಿರ್ದಿಷ್ಟ ನಿರ್ಧಾರಕ್ಕೂ ಅವಧಿಗೂ ಮಾತ್ರ ಅನ್ವಯಿಸುವಂಥದ್ದು, ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ ನಡೆಯಬೇಕಾದದ್ದು. ಇಚ್ಛೆಯನ್ನು ಅರಿಯುವವರೇ ಸುತ್ತಲಿಲ್ಲದಿದ್ದರೆ ಕಾನೂನಿನ ಈ ಮಾತು ಕಾಗದದಲ್ಲೇ ಉಳಿಯುತ್ತದೆ.

‘ನಮ್ಮ ನಂತರ ಯಾರು?’ ಎಂದು ಕೊರಗುವ ತಂದೆತಾಯಿಗಳು ತಮ್ಮ ಮನಸ್ಸಿನಲ್ಲಷ್ಟೇ ಇರುವ ತಿಳಿವಳಿಕೆಯನ್ನು, ಎಂದರೆ ಮಗುವಿನ ‘ಹೌದು’ ಹೇಗಿರುತ್ತದೆ, ‘ಬೇಡ’ ಹೇಗಿರುತ್ತದೆ, ನೋವಾದಾಗ ಮುಖ ಹೇಗಾಗುತ್ತದೆ, ಯಾವ ಭಂಗಿಯಲ್ಲಿ ಕೂರಿಸಿದರೆ ತುತ್ತು ಸಲೀಸಾಗಿ ಇಳಿಯುತ್ತದೆ ಎಂಬುದನ್ನು, ಇಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ತೊಡಗಲಿ; ಒಡಹುಟ್ಟಿದವರೂ ಶಿಕ್ಷಕರೂ ವೈದ್ಯರೂ ಅದನ್ನು ಓದಲಿ, ತಾವು ಕಂಡದ್ದನ್ನು ಸೇರಿಸಲಿ.