ಚೆಸ್‌ನಲ್ಲಿ ಡ್ರಾ ಆದರೆ ಯಾರಿಗೆ ಲಾಭ? ಅರ್ಧ ಅಂಕ ಕೈತಪ್ಪದಿರಲು ಈ ನಿಯಮ ಗೊತ್ತಿರಲಿ

ಯಸಳೂರು: ಮಳೆ ಹಿಡಿದ ದಿನ ಅಂಗಡಿ ಕಟ್ಟೆ ಮೇಲೆ ಇಬ್ಬರು ಚೆಸ್ ಬೋರ್ಡ್ ಹಾಕಿ ಕೂತರೆ, ಸುತ್ತ ನಿಂತವರು ಕೊನೆಗೆ ಕೇಳೋದು ಒಂದೇ ಮಾತು, 'ಯಾರು ಗೆದ್ರು?' 'ಡ್ರಾ ಆಯ್ತು' ಅಂದರೆ ಆಟವೇ ನಡೆದಿಲ್ಲ ಅನ್ನೋ ಹಾಗೆ ಎದ್ದು ಹೋಗ್ತಾರೆ. ಆದರೆ ಟೂರ್ನಿಯಲ್ಲಿ ಡ್ರಾಗೂ ಬೆಲೆ ಇದೆ. ಗೆದ್ದವರಿಗೆ 1 ಅಂಕ, ಡ್ರಾ ಆದರೆ ಇಬ್ಬರಿಗೂ ತಲಾ ಅರ್ಧ ಅಂಕ.

ರೇಟಿಂಗ್ ಲೆಕ್ಕ ಬೇರೆ

ಅಂಕ ಸಮಾನವಾದರೂ ರೇಟಿಂಗ್‌ನಲ್ಲಿ ಇಬ್ಬರೂ ಸಮ ಅಲ್ಲ. 1500 ರೇಟಿಂಗ್ ಇರುವವರು 1700 ಇರುವವರ ಜೊತೆ ಡ್ರಾ ಮಾಡಿಕೊಂಡರು ಅಂದುಕೊಳ್ಳಿ. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ನಿಯಮದಂತೆ, ಇಬ್ಬರಿಗೂ ಗುಣಕ 20 ಇದ್ದರೆ ಚಿಕ್ಕ ರೇಟಿಂಗ್‌ನವರಿಗೆ 5.2 ಪಾಯಿಂಟ್ ಏರುತ್ತದೆ, ದೊಡ್ಡವರಿಗೆ ಅಷ್ಟೇ ಇಳಿಯುತ್ತದೆ. ಒಬ್ಬರಿಗೆ ಗೆಲ್ಲದೆಯೂ ಲಾಭ, ಇನ್ನೊಬ್ಬರಿಗೆ ಸೋಲದೆಯೂ ನಷ್ಟ.

ಡ್ರಾ ಆಗೋದು ಯಾವಾಗ?

* ಇಬ್ಬರೂ ಒಪ್ಪಿದಾಗ.
* ರಾಜನಿಗೆ ಚೆಕ್ ಇಲ್ಲ, ಆದರೆ ನಡೆಸಲು ಯಾವ ಕಾಯಿಗೂ ಜಾಗವಿಲ್ಲದಾಗ. ಇದೇ ಸ್ಟೇಲ್‌ಮೇಟ್. ಮಂತ್ರಿ ಕೈಯಲ್ಲಿದ್ದೂ ಅವಸರ ಮಾಡಿ ಗೆಲುವು ಕಳೆದುಕೊಳ್ಳೋರು ಹೆಚ್ಚಾಗಿ ಇಲ್ಲೇ.
* ಚೆಕ್‌ಮೇಟ್ ಮಾಡುವಷ್ಟು ಕಾಯಿ ಇಬ್ಬರಲ್ಲೂ ಉಳಿಯದಾಗ. ಉದಾಹರಣೆಗೆ ಒಬ್ಬರ ಬಳಿ ರಾಜ ಮತ್ತು ಕುದುರೆ, ಇನ್ನೊಬ್ಬರ ಬಳಿ ಬರೀ ರಾಜ.
* ಒಂದೇ ಸ್ಥಿತಿ ಬೋರ್ಡ್ ಮೇಲೆ 3 ಸಲ ಬಂದಾಗ.
* ಪದಾತಿ ಮುಂದೆ ಹೋಗದೆ, ಯಾವ ಕಾಯಿಯೂ ಹೊಡೆಯದೆ ಇಬ್ಬರೂ ತಲಾ 50 ನಡೆ ಆಡಿದಾಗ.

ಕೇಳಿದರೆ ಮಾತ್ರ ಸಿಗುತ್ತೆ

ಕೊನೆಯ ಎರಡು ತಾನಾಗಿಯೇ ಬರಲ್ಲ, ಆಟಗಾರರೇ ಕೇಳಬೇಕು. ಆಡಬೇಕಾದ ನಡೆಯಿಂದ ಡ್ರಾ ಆಗುತ್ತೆ ಅಂತಾದರೆ ಕಾಯಿ ಮುಟ್ಟದೆ ಆ ನಡೆಯನ್ನು ಹಾಳೆಯಲ್ಲಿ ಬರೆದು, ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಬೇಕು. ಕಾಯಿ ಮುಟ್ಟಿದರೆ ಆ ಸರದಿಯ ಹಕ್ಕು ಹೋಯಿತು. ಯಾರೂ ಕೇಳದಿದ್ದರೂ ಒಂದೇ ಸ್ಥಿತಿ 5 ಸಲ ಬಂದರೆ, ಇಲ್ಲವೇ 75 ನಡೆ ದಾಟಿದರೆ ಆಟ ಡ್ರಾ.

ಎದುರಾಳಿಗೆ ಡ್ರಾ ಕೇಳಲೂ ಕ್ರಮ ಇದೆ. ಮೊದಲು ನಡೆ ಆಡಿ, ಆಮೇಲೆ ಬಾಯಲ್ಲಿ ಕೇಳಿ, ನಂತರ ಗಡಿಯಾರ ಒತ್ತಬೇಕು.

ಡ್ರಾ ಕಡೆ ಹೊರಟ ಆಟವೂ ಕೈಜಾರುತ್ತೆ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟವೂ ಡ್ರಾ ಕಡೆಗೇ ಸಾಗಿತ್ತು. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್ ಬಳಿ ಒಂದೇ ಪದಾತಿ ಹೆಚ್ಚು. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು, ಗುಕೇಶ್ ವಿಶ್ವ ಚಾಂಪಿಯನ್ ಆದರು.

ಟೂರ್ನಿಗೆ ಮಕ್ಕಳನ್ನು ಕಳಿಸುವವರು ಮೊದಲು ಕಲಿಸಬೇಕಾದ್ದು ನಡೆ ಬರೆಯೋದನ್ನ. ಹಾಳೆಯಲ್ಲಿ ಲೆಕ್ಕ ಇಲ್ಲದಿದ್ದರೆ ನ್ಯಾಯವಾಗಿ ಬರಬೇಕಾದ ಅರ್ಧ ಅಂಕವನ್ನೂ ಸಾಬೀತು ಮಾಡೋದು ಕಷ್ಟ.