ಮಧುಮೇಹದ ಸುಳಿವು ಹಳೆಯ ರಿಜಿಸ್ಟರಿನಲ್ಲಿತ್ತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮಧುಮೇಹದ ಮಾತು ಬಂದರೆ ದೂರು ಹೋಗುವುದು ಕಬ್ಬಿನ ಮೇಲೆ. "ಕಬ್ಬಿನ ಸೀಮ್ಯಾಗ ಹುಟ್ಟಿ ಸಕ್ರಿ ಬ್ಯಾನಿ ಬ್ಯಾಡಂದ್ರ ಹೆಂಗ್ರೀ ಸಾಹೇಬ್ರ?" ಎಂದು ಬನಹಟ್ಟಿಯ ಹಿರಿಯ ನೇಕಾರರೊಬ್ಬರು ನನ್ನನ್ನು ಕೇಳಿದ್ದರು. ಸಿಹಿ ಅತಿಯಾದರೆ ತೂಕ ಏರಿ ಅಪಾಯ ಹೆಚ್ಚುವುದು ನಿಜ. ಆದರೆ ಒಂದೇ ಊರಿನಲ್ಲಿ ಒಂದೇ ಬಗೆಯ ಊಟ ಉಣ್ಣುವ ಇಬ್ಬರಲ್ಲಿ ಒಬ್ಬರಿಗಷ್ಟೇ ರೋಗ ಬರುವುದೇಕೆ? ಉತ್ತರದ ಒಂದು ಭಾಗ ದೊರೆತದ್ದು ಮೈಸೂರಿನ ಆಸ್ಪತ್ರೆಯೊಂದರ ಹಳೆಯ ದಾಖಲೆಗಳಲ್ಲಿ.

ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಗರ್ಭದಲ್ಲಿ ದೊರೆತ ಪೋಷಣೆಯೇ ಮುಂದಿನ ಆರೋಗ್ಯದ ಬುನಾದಿ ಎಂಬುದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅವರ ವಾದ. ಅದನ್ನು ಇಲ್ಲಿ ಪರೀಕ್ಷಿಸಲು ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ದಾಖಲೆಗಳಲ್ಲಿದ್ದ ಶಿಶುಗಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಮಧುಮೇಹದ ಫಲಿತಾಂಶ ಮಾತ್ರ ನಿರೀಕ್ಷೆಗಿಂತ ಭಿನ್ನ. ಉದ್ದ ಕಡಿಮೆಯಿದ್ದು ಮೈತುಂಬಿಕೊಂಡು ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಅದು ಹೆಚ್ಚಾಗಿತ್ತು. ಆ ತಾಯಂದಿರಿಗೆ ಬಸಿರಿನಲ್ಲೇ ಮಧುಮೇಹ ಇದ್ದಿರಬಹುದೇ?

ಈ ಅನುಮಾನದ ಬೆನ್ನು ಹತ್ತಿ 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ನಡೆಸಲಾಯಿತು. ಸುಮಾರು ಶೇ 6ರಷ್ಟು ಮಂದಿಯಲ್ಲಿ ಮಧುಮೇಹ ಕಂಡುಬಂತು. ಅವರೆಲ್ಲರ ಮಕ್ಕಳ ಬೆಳವಣಿಗೆಯನ್ನು ವರ್ಷಾನುಗಟ್ಟಲೆ ಅಳೆದ ಕಾರ್ಯದಲ್ಲಿ ಪ್ರಮುಖರು ಡಾ. ಜಿ.ವಿ. ಕೃಷ್ಣವೇಣಿ. ಐದು, ಒಂಬತ್ತೂವರೆ, ಹದಿಮೂರೂವರೆ ವರ್ಷಗಳಲ್ಲಿ ಅದೇ ಮಕ್ಕಳನ್ನು ಮತ್ತೆ ಮತ್ತೆ ಕರೆಸಿ ಪರೀಕ್ಷಿಸುವ ತಾಳ್ಮೆಯ ಸಂಶೋಧನೆ ಅದು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬಿನಂಶ ಹೆಚ್ಚಿತ್ತು. ಒಂಬತ್ತೂವರೆಯ ಹೊತ್ತಿಗೆ ಗಂಡುಮಕ್ಕಳಲ್ಲೂ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಲಕ್ಷಣ ಕಂಡಿತು. ಆ ಹೆಣ್ಣುಮಕ್ಕಳು ನಾಳೆ ತಾಯಂದಿರಾಗುವವರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ತಲೆಮಾರಿನಿಂದ ತಲೆಮಾರಿಗೆ ದಾಟುವ ಸಾಲದಂತೆ ತೋರುತ್ತದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಸೇವೆಯಲ್ಲಿದ್ದಾಗ, ಹೆರಿಗೆ ವಾರ್ಡೊಂದರ ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕುವ ಕಡತಕ್ಕೆ ನಾನು ಸಹಿ ಮಾಡಿದ್ದೆ. ಅವಧಿ ಮುಗಿದಿತ್ತು, ನಿಯಮ ಸ್ಪಷ್ಟವಿತ್ತು, ಕಪಾಟು ಖಾಲಿಯಾಗಬೇಕಿತ್ತು. ಆ ಪುಟಗಳಲ್ಲಿ ಮಕ್ಕಳ ಹುಟ್ಟುತೂಕಗಳಿದ್ದವು. ಮೈಸೂರಿನ ಕಥೆ ಓದಿದ ಮೇಲೆ ಆ ಸಹಿ ನನ್ನನ್ನು ಕಾಡುತ್ತಿದೆ.

ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜಿಸಿತು. ಗರ್ಭಿಣಿಗೆ ಮೊದಲ ಭೇಟಿಯಲ್ಲೂ, ಆಗ ರೋಗ ಕಾಣದಿದ್ದರೆ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆಯೂ ಗ್ಲೂಕೋಸ್ ಪರೀಕ್ಷೆ ಆಗಬೇಕೆಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ತಪ್ಪದೆ ನಡೆಯಲಿ. ಫಲಿತಾಂಶ ತಾಯಿ ಕಾರ್ಡಿನಲ್ಲೂ ಆಸ್ಪತ್ರೆಯ ದಾಖಲೆಯಲ್ಲೂ ಸೇರಲಿ. ಹೆರಿಗೆಯ ನಂತರವೂ ತಾಯಿ-ಮಗುವಿನ ಮೇಲೆ ನಿಗಾ ಇರಲಿ. ಕಬ್ಬನ್ನು ದೂರುವುದಕ್ಕೆ ಖರ್ಚಿಲ್ಲ. ಬಸುರಿಯನ್ನು ಪರೀಕ್ಷಿಸಿ, ಬರೆದು, ಆ ಬರಹವನ್ನು ಮೂವತ್ತು ವರ್ಷ ಕಾಪಾಡುವುದಕ್ಕೆ ಹಣವೂ ಬೇಕು, ಶಿಸ್ತೂ ಬೇಕು. ಆಡಳಿತ ಮನಸ್ಸು ಮಾಡಿದರೆ ಎರಡೂ ಕಷ್ಟವಲ್ಲ.