ಒಂದೇ ಬೆಟ್ಟ, ಎರಡು ಬಣ್ಣದ ನೀರು

ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ, ಬೇಸಿಗೆಯ ಒಂದು ಶನಿವಾರ ಲೇಕ್ ಲೂಯಿಸ್‌ಗೆ ಮೀಸಲು. ಕಾರಿನಲ್ಲಿ ಪಶ್ಚಿಮಕ್ಕೆ ಎರಡು ಗಂಟೆ ಹೋದರೆ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದೊಳಗಿನ ಆ ಸರೋವರ ಸಿಗುತ್ತದೆ. ದಡದಲ್ಲಿ ಫೋಟೊ ತೆಗೆಸಿಕೊಂಡು, ಕಾಫಿ ಕುಡಿದು, ಅಲ್ಲಿಂದಲೇ ವಾಪಸು ಹೊರಡುವವರು ಬಹಳ. ಅವರಲ್ಲಿ ನನ್ನದೊಂದು ಕೋರಿಕೆ: ಬಲದಂಡೆಯಿಂದ ಕಾಡಿನೊಳಕ್ಕೆ ಏರುವ ಕಾಲುದಾರಿ ಹಿಡಿದು ಲೇಕ್ ಆಗ್ನೆಸ್‌ವರೆಗೆ ಹೋಗಿ ಬನ್ನಿ. ದೂರ ಸುಮಾರು ಮೂರೂವರೆ ಕಿಲೋಮೀಟರ್, ಏರು 400 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎತ್ತರದಲ್ಲಿದೆಯಲ್ಲ, ಲೂಯಿಸ್ ಅದಕ್ಕಿಂತ 200 ಮೀಟರ್ ಕೆಳಗೆ, ಆಗ್ನೆಸ್ 200 ಮೀಟರ್ ಮೇಲೆ. ಇಷ್ಟು ಹತ್ತಿರವಿದ್ದರೂ ಈ ಎರಡು ಸರೋವರಗಳ ನೀರಿನ ಬಣ್ಣಕ್ಕೆ ಹೋಲಿಕೆಯೇ ಇಲ್ಲ. ಕೆಳಗಿನ ಸರೋವರಕ್ಕೆ ನೀರುಣಿಸುವ ಹಿಮನದಿ ಇನ್ನೂ ಉಳಿದಿದೆ, ಮೇಲಿನದಕ್ಕೆ ಇಲ್ಲ. ಕಾರಣ ಅಷ್ಟೆ. ಆ ಒಂದು ಕಾರಣದಿಂದ ಏನೆಲ್ಲ ಆಗುತ್ತದೆ ಎಂಬುದನ್ನು ತಿಳಿದು ಹತ್ತಿದರೆ ಈ ದಾರಿಯ ಸೊಗಸೇ ಬೇರೆ.

ಲೂಯಿಸ್ ಎರಡು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲ, ಸುಮಾರು 70 ಮೀಟರ್ ಆಳ. ದಡದಲ್ಲಿರುವ ಹೋಟೆಲಿನ ಎದುರಿಗೆ, ನೀರಿನಾಚೆಯ ತುದಿಯಲ್ಲಿ ಬೆಳ್ಳಗೆ ಕಾಣುವುದು ವಿಕ್ಟೋರಿಯಾ ಹಿಮನದಿ. ಹಿಮನದಿ ಎಂದರೆ ನಿಂತ ಮಂಜುಗಡ್ಡೆಯಲ್ಲ. ತನ್ನ ಭಾರಕ್ಕೆ ತಾನೇ ಬಾಗಿ, ಜಾರಿ, ವರ್ಷವಿಡೀ ಕೆಳಮುಖವಾಗಿ ಸರಿಯುತ್ತಿರುತ್ತದೆ. ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ಉಜ್ಜುತ್ತವೆ. ಬೀಸುಕಲ್ಲಿನ ನಡುವೆ ರಾಗಿ ನುರಿಯುವ ಹಾಗೆ ಬಂಡೆಯೂ ಕಲ್ಲೂ ನುರಿದು ಹಿಟ್ಟಾಗುತ್ತವೆ. ಆ ಹಿಟ್ಟಿನ ನಯವಾದ ಕಣಗಳು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಸಣ್ಣವು. ಬೇಸಿಗೆಯಲ್ಲಿ ಕರಗಿದ ನೀರು ಈ ಕಲ್ಲುಹಿಟ್ಟನ್ನು ಹೊತ್ತು ಬೂದುಬಣ್ಣದ ತೊರೆಯಾಗಿ ಸರೋವರದ ಹಿಂತುದಿಗೆ ಬಂದು ಸೇರುತ್ತದೆ. ಮರಳು, ಜಲ್ಲಿ ಅಲ್ಲೇ ಇಳಿದು ದಿಣ್ಣೆಯಾಗುತ್ತವೆ. ನಯವಾದ ಹಿಟ್ಟು ಮಾತ್ರ ತೇಲುತ್ತ ಮುಂದೆ ಬರುತ್ತದೆ.

ಎಷ್ಟು ಕಾಲ ತೇಲಬಹುದು? ಲೆಕ್ಕ ಕಷ್ಟವಲ್ಲ. ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟು ಅಗಲದ ಕಣ, ತಣ್ಣನೆಯ ನಿಶ್ಚಲ ನೀರಿನಲ್ಲಿ, ದಿನಕ್ಕೆ ಸುಮಾರು 20 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. 70 ಮೀಟರ್ ಆಳದ ತಳ ಮುಟ್ಟಲು ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಗಾಳಿ ನೀರನ್ನು ಕಲಕಿದರೆ ಇನ್ನೂ ತಡ. ಅಷ್ಟರಲ್ಲಿ ಮುಂದಿನ ಬೇಸಿಗೆಯ ಹಿಟ್ಟು ಬಂದಿರುತ್ತದೆ.

ಇನ್ನು ಬಣ್ಣ. ನೀರು ಬಿಳಿ ಬೆಳಕಿನಲ್ಲಿ ಮೊದಲು ಕೆಂಪನ್ನು ಹೀರುತ್ತದೆ, ಆಮೇಲೆ ಹಳದಿಯನ್ನು, ಇನ್ನೂ ಆಳಕ್ಕೆ ಹೋದಂತೆ ಹಸಿರನ್ನು. ಕೊನೆಯವರೆಗೆ ಉಳಿಯುವುದು ನೀಲಿ. ತಿಳಿನೀರಿನ ಸರೋವರದಲ್ಲಿ ಬೆಳಕು ತುಂಬ ಆಳಕ್ಕಿಳಿಯುತ್ತದೆ, ಮೇಲೆ ಮರಳಿ ಬರುವುದು ಸ್ವಲ್ಪವೇ, ಅದೂ ಬಹುಪಾಲು ನೀಲಿ. ಆದ್ದರಿಂದ ಅದು ಕಡುಬಣ್ಣವಾಗಿ ಕಾಣುತ್ತದೆ. ಲೂಯಿಸ್‌ನಲ್ಲಿ ಹಾಗಾಗುವುದಿಲ್ಲ. ಬೆಳಕು ಕೆಲವು ಮೀಟರ್ ಇಳಿಯುವಷ್ಟರಲ್ಲೇ ಕಲ್ಲಿನ ಕಣಗಳಿಗೆ ಬಡಿದು ಚದುರಿ ಹಿಂದಿರುಗುತ್ತದೆ. ಕೆಂಪು ಹೀರಿಹೋಗಿರುತ್ತದೆ, ಹಸಿರು ಹೋಗಲು ಇನ್ನೂ ಸಮಯ ಸಿಕ್ಕಿರುವುದಿಲ್ಲ. ಹಸಿರು ನೀಲಿ ಎರಡೂ ಧಾರಾಳವಾಗಿ ಹೊರಬರುತ್ತವೆ. ಫೋಟೊಗಳಲ್ಲಿ ನೋಡಿ ಇದು ಕಂಪ್ಯೂಟರಿನಲ್ಲಿ ತಿದ್ದಿದ್ದು ಎಂದು ಜನ ಅನುಮಾನಪಡುವ ಹೊಳೆಯುವ ಹಸಿರುನೀಲಿ ಹುಟ್ಟುವುದು ಹೀಗೆ. ಹಿಟ್ಟು ಇನ್ನೂ ಹೆಚ್ಚಾದರೆ ಆ ಬಣ್ಣವೂ ಕೆಟ್ಟು ಬರೀ ಬೂದು ಉಳಿಯುತ್ತದೆ. ಹಿಂತುದಿಯ ತೊರೆಯ ನೀರು ಹಾಗೇ ಇರುತ್ತದೆ. ಜೂನ್ ಆರಂಭದಲ್ಲಿ ಮೇಲ್ಮೈಯ ಮಂಜುಗಡ್ಡೆ ಕರಗಿದಾಗ ಲೂಯಿಸ್ ಅಷ್ಟೇನೂ ಹೊಳೆಯುವುದಿಲ್ಲ. ಹಿಮನದಿ ಜೋರಾಗಿ ಕರಗುವ ಜುಲೈ, ಆಗಸ್ಟ್ ತಿಂಗಳಲ್ಲೇ ಬಣ್ಣ ತುಂಬಿ ಬರುತ್ತದೆ.

ಹೊರಡುವ ಮುನ್ನ ಒಂದು ಗಾಜಿನ ಲೋಟದಲ್ಲಿ ದಡದ ನೀರು ತುಂಬಿ ಬಿಸಿಲಿಗೆ ಹಿಡಿಯಿರಿ. ನೀಲಿಯೂ ಇಲ್ಲ, ಹಸಿರೂ ಇಲ್ಲ, ಚೂರೇ ಚೂರು ಹಾಲು ತೊಟ್ಟಿಕ್ಕಿದ ಹಾಗಿರುತ್ತದೆ. ನೋಡಿ ಅಲ್ಲೇ ಚೆಲ್ಲಿಬಿಡಿ. ಮೇಲೆ ಆಗ್ನೆಸ್‌ನಲ್ಲಿ ಇನ್ನೊಮ್ಮೆ ಹೀಗೇ ಮಾಡಬೇಕು.

ದಾರಿಯ ಮೊದಲ ಭಾಗ ಪೂರ್ತಿ ಸೂಚಿಪರ್ಣಿ ಮರಗಳ ಕಾಡು, ಉಸಿರು ಕಟ್ಟಿಸುವಂಥ ಏರೇನಲ್ಲ. ಮಿರರ್ ಲೇಕ್ ಎಂಬ ಪುಟ್ಟ ಹೊಂಡ ದಾಟಿದ ಮೇಲೆ ದಾರಿ ಕಡಿದಾಗುತ್ತದೆ. ಅಲ್ಲಿಂದ ಮುಂದೆ ಜಲಪಾತವೊಂದು ಸಿಗುತ್ತದೆ, ಅದರ ಪಕ್ಕದ ಮೆಟ್ಟಿಲು ಹತ್ತಿದರೆ ತಟಕ್ಕನೆ ಆಗ್ನೆಸ್ ಎದುರಾಗುತ್ತದೆ. ಮೂರು ಕಡೆ ಬಂಡೆಯ ಗೋಡೆ, ನಾಲ್ಕನೆಯ ಕಡೆ ಕಲ್ಲಿನ ಹೊಸ್ತಿಲು, ಅದರಾಚೆ ಪಾತಾಳ. ಇಂಥ ಜಾಗ ಆಗುವುದು ಹೇಗೆ? ಹಿಮಯುಗದಲ್ಲಿ ಲೂಯಿಸ್‌ನ ಕಣಿವೆಯಲ್ಲಿ ದೊಡ್ಡ ಹಿಮನದಿ ಇತ್ತು, ಪಕ್ಕದ ಕೊಳ್ಳದಲ್ಲಿ ಚಿಕ್ಕದೊಂದು. ದೊಡ್ಡದು ತನ್ನ ಕಣಿವೆಯನ್ನು ಆಳವಾಗಿ ಕೊರೆಯಿತು, ಚಿಕ್ಕದಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಮಂಜುಗಡ್ಡೆ ಹೋದ ಮೇಲೆ ಚಿಕ್ಕ ಕೊಳ್ಳದ ನೆಲ ಎತ್ತರದಲ್ಲೇ ತೂಗಾಡುತ್ತ ಉಳಿಯಿತು. ಚಿಕ್ಕ ಹಿಮನದಿ ತನ್ನ ಬುಡದಲ್ಲಿ ಕೊರೆದಿದ್ದ ಕುಳಿಯಲ್ಲಿ ನೀರು ನಿಂತು ಆಗ್ನೆಸ್ ಆಯಿತು. ಹಿಮಾಲಯದ ಎತ್ತರದ ಎಷ್ಟೋ ಸರೋವರಗಳು ಹುಟ್ಟಿದ ಬಗೆಯೂ ಇದೇ.

ದಡದಲ್ಲೇ ಮರದಿಂದ ಕಟ್ಟಿದ ಚಹಾದ ಮನೆಯೊಂದಿದೆ. ಕೆನಡಿಯನ್ ಪೆಸಿಫಿಕ್ ರೈಲ್ವೆ 1901ರಲ್ಲಿ ಇಲ್ಲಿ ಚಾರಣಿಗರ ತಂಗುದಾಣ ಕಟ್ಟಿಸಿತು, 1905ರಿಂದ ಇಲ್ಲಿ ಚಹಾ ಸಿಗುತ್ತಿದೆ. ವಿದ್ಯುತ್ ಇಲ್ಲ. ಇಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಪ್ರತಿ 300 ಮೀಟರ್ ಏರಿದಂತೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದೇ ಇದಕ್ಕೆ ಕಾರಣ. ಸೆಪ್ಟೆಂಬರ್ ಕೊನೆಗೆ ಹೋದವರಿಗೆ ಇನ್ನೊಂದು ಉಡುಗೊರೆ ಕಾದಿರುತ್ತದೆ: ಲಾರ್ಚ್ ಮರಗಳು. ಸೂಚಿಪರ್ಣಿಗಳಾದರೂ ಇವು ಚಳಿಗಾಲಕ್ಕೆ ಮುನ್ನ ಬಂಗಾರದ ಬಣ್ಣಕ್ಕೆ ತಿರುಗಿ ಎಲೆ ಉದುರಿಸಿಬಿಡುತ್ತವೆ. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದ ತಿಂಗಳುಗಳಲ್ಲಿ, ಒಣಗಾಳಿಗೆ ಎಲೆಯಿಂದ ನೀರು ಕಳೆದುಕೊಳ್ಳುವ ಅಪಾಯ ಹೀಗೆ ತಪ್ಪುತ್ತದೆ.

ಈಗ ಲೋಟ ಮುಳುಗಿಸಿ. ನೀರು ಸ್ಫಟಿಕದಷ್ಟು ತಿಳಿ. ಅಂಚಿನಲ್ಲಿ ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತವೆ, ಆಳ ಹೆಚ್ಚಿದಲ್ಲಿ ಬಣ್ಣ ಕಡುವಾಗುತ್ತದೆ. ಇಲ್ಲಿಗೆ ಬರುವುದು ಕರಗಿದ ಹಿಮದ ನೀರು, ಮಳೆಯ ನೀರು. ಕಲ್ಲು ಅರೆಯುವ ಮಂಜುಗಡ್ಡೆ ಮೇಲೆಲ್ಲೂ ಉಳಿದಿಲ್ಲ.

ತಿಳಿನೀರಿನಲ್ಲಿ ಬದುಕುವುದು ಸುಲಭ ಎಂದುಕೊಳ್ಳಬಾರದು. ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಜೋರು, ತಿಳಿನೀರಿನೊಳಕ್ಕೆ ಅವು ಮೀಟರುಗಟ್ಟಲೆ ಇಳಿಯುತ್ತವೆ. ಇಂಥ ಸರೋವರಗಳ ಕೋಪಿಪಾಡ್ ಎಂಬ ಎಳ್ಳಿಗಿಂತ ಚಿಕ್ಕ ಜೀವಿಗಳು ಅನೇಕ ಕಡೆ ಕೆಂಪಗಿರುತ್ತವೆ. ತಿಂದ ಪಾಚಿಯಿಂದ ಪಡೆದ ಕೆರೋಟಿನ್ ಬಗೆಯ ಬಣ್ಣವನ್ನು ಮೈಯಲ್ಲಿ ತುಂಬಿಕೊಂಡು ಕಿರಣಗಳ ಹಾನಿಯನ್ನು ತಗ್ಗಿಸಿಕೊಳ್ಳುತ್ತವೆ. ಆದರೆ ಕೆಂಪಗಿದ್ದರೆ ಮೀನಿನ ಕಣ್ಣಿಗೆ ಬೇಗ ಬೀಳುತ್ತವೆ. ಜಲಪಾತ ಹತ್ತಲಾಗದ ಮೀನುಗಳು ಇಂಥ ಸರೋವರಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ, ಹಾಗಾಗಿ ಚಿಂತೆ ಇರಲಿಲ್ಲ. 20ನೇ ಶತಮಾನದಲ್ಲಿ ಗಾಳದ ಮೋಜಿಗೆಂದು ರಾಕಿ ಪರ್ವತಗಳ ಹಲವು ಸರೋವರಗಳಿಗೆ ಟ್ರೌಟ್ ಮೀನು ತಂದು ಬಿಟ್ಟರು. ಕೆಲವು ಕಡೆ ದೊಡ್ಡ ಕೋಪಿಪಾಡ್‌ಗಳು ಪೂರ್ತಿ ಇಲ್ಲವಾದವು. ಇದು ಮನುಷ್ಯರು ಮಾಡಿದ ದೊಡ್ಡ ತಪ್ಪು ಎಂದೇ ನಾನು ಹೇಳುತ್ತೇನೆ. ಆದರೆ ಮೀನು ಇಲ್ಲವಾದ ಮೇಲೆ ಕೆಲವು ಸರೋವರಗಳಲ್ಲಿ ಅವು ಮರಳಿ ಬಂದವು. ತಳದ ಕೆಸರಿನಲ್ಲಿ ವರ್ಷಗಟ್ಟಲೆ ಹುದುಗಿದ್ದ ಮೊಟ್ಟೆಗಳು ಒಡೆದಿದ್ದವು!

ಲೂಯಿಸ್‌ನಂಥ ಸರೋವರದಲ್ಲಿ ಕಲ್ಲುಹಿಟ್ಟೇ ನೆರಳಾಗಿ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಅದು ಬೆಳಕನ್ನೂ ತಡೆಯುವುದರಿಂದ ಪಾಚಿ ಬೆಳೆಯುವುದು ಕಡಿಮೆ. ಹಿಮನದಿ ಸೊರಗಿದರೆ ಈ ಎರಡೂ ಬದಲಾಗುತ್ತವೆ. ಬರಿಯ ಊಹೆ ಇದಲ್ಲ. ಅದೇ ಉದ್ಯಾನದ ಪೇಟೋ ಹಿಮನದಿಯನ್ನು ವಿಜ್ಞಾನಿಗಳು 1960ರ ದಶಕದಿಂದ ಅಳೆಯುತ್ತ ಬಂದಿದ್ದಾರೆ, ಅದು ಹಿಮ್ಮೆಟ್ಟುತ್ತಲೇ ಇದೆ. ಪಶ್ಚಿಮ ಕೆನಡಾದ ಹಿಮನದಿಗಳ ಘನಗಾತ್ರ 2100ರ ಹೊತ್ತಿಗೆ, 2005ರಲ್ಲಿ ಇದ್ದದ್ದಕ್ಕಿಂತ ಶೇ. 70ರಷ್ಟು ಕುಗ್ಗಬಹುದೆಂದು 2015ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯ ಅಧ್ಯಯನವೊಂದು ಅಂದಾಜು ಮಾಡಿತು. ಒಳನಾಡಿನ ರಾಕಿ ಪರ್ವತಗಳಲ್ಲಿ ನಷ್ಟ ಇನ್ನೂ ಹೆಚ್ಚು.

ಕಾಲಲ್ಲಿ ಕಸುವು ಉಳಿದಿದ್ದರೆ ಆಗ್ನೆಸ್‌ನ ಹಿಂದಿನಿಂದ ಬಿಗ್ ಬೀಹೈವ್ ಗುಡ್ಡ ಏರಿ, ಆಚೆ ಇಳಿದು, ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್ ದಾರಿಯನ್ನು ಸೇರಬಹುದು. ವಿಕ್ಟೋರಿಯಾ ಹಿಮನದಿಯ ಬುಡಕ್ಕೆ ಒಯ್ಯುವ ಆ ದಾರಿಯ ಬದಿಯಲ್ಲಿ ಕಲ್ಲುಮಣ್ಣಿನ ಎತ್ತರದ ಏರಿಗಳಿವೆ. 19ನೇ ಶತಮಾನದ ನಡುಭಾಗದಲ್ಲಿ ಮಂಜುಗಡ್ಡೆ ಅಲ್ಲಿಯವರೆಗೂ ತುಂಬಿತ್ತು. ಇಂದು ಆ ಏರಿಯ ಮೇಲೆ ನಿಂತರೆ ಮಂಜುಗಡ್ಡೆಯ ಅಂಚು ಬಹಳ ಹಿಂದೆ, ಬಹಳ ಕೆಳಗೆ ಕಾಣುತ್ತದೆ.